ಪ್ರತಿ ರವಿವಾರ ಹನ್ನೊಂದು ಪಾಯಿಂಟ್ ನಾಲ್ಕು

ರವಿವಾರ ಬಂತೆಂದರೆ ಭುವನಾ ಬೆಳಗಿನಿಂದಲೇ ಅಂಗಳದ ಕಡೆಗೇ ಕಣ್ಣಿಟ್ಟಿರುತ್ತಿದ್ದಳು. ಅಪ್ಪ ಜಳಕ ಮುಗಿಸಿ, ವಿಭೂತಿ ಹಚ್ಚಿಕೊಂಡು, ಅಂಗಳದ ಬೇವಿನ ಗಿಡದ ಟೊಂಗೆಗೆ ಕನ್ನಡಿ ನೇತುಹಾಕಿ ಅದರೆದುರು ನಿಲ್ಲುವ ದಿನ ಅದು. ಕೈಯಲ್ಲಿ ಉಕ್ಕಿನ ವರ್ನಿಯರ್ ಕ್ಯಾಲಿಪರ್ ಇರುತ್ತಿತ್ತು. ಸವೆದಿದೆ ಎಂದು ಕಾಲೇಜಿನವರು ಬಿಸಾಕಲು ಇಟ್ಟಿದ್ದನ್ನು ಅವನೇ ಕೇಳಿ ತಂದುಕೊಂಡಿದ್ದ. ಮೊದಲು ಅದರ ಎರಡೂ ದವಡೆಗಳನ್ನು ಒಂದಕ್ಕೊಂದು ಮುಟ್ಟಿಸಿ, ಸೊನ್ನೆಯ ಗೆರೆ ಸೊನ್ನೆಗೇ ಕೂಡಿದೆಯೋ ಇಲ್ಲವೋ ಎಂದು ಬಿಸಿಲಿಗೆ ಹಿಡಿದು ನೋಡುವನು. ಆಮೇಲೆ ಎಡಗೆನ್ನೆಯ ಮೇಲೆ, ಕಣ್ಣಿನ ಕೆಳಗೆ ಕೂತಿದ್ದ ಹುಣ್ಣಿಗೆ ಆ ದವಡೆಗಳನ್ನು ಹಿಡಿಯುವನು.

ಭುವನಾ ಮೂರೂವರೆ ತಿಂಗಳ ಕೂಸನ್ನು ಹೆಗಲಿಗೆ ಹಾಕಿಕೊಂಡು ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು ಕೇಳುವಳು.

“ಎಷ್ಟು ಬಂತಪ್ಪಾ?”

“ಹನ್ನೊಂದು ಪಾಯಿಂಟ್ ನಾಲ್ಕು ಮಿಲಿಮೀಟರ್. ಹೋದ ವಾರದಷ್ಟ ಐತಿ. ನೀ ಸುಮ್ನ ಗಾಬರಿಯಾಗಿ ಸಾಯ್ತಿ ನೋಡು.”

ಬರೆದಿಡಲು ಒಂದು ಚಿಕ್ಕ ವಹಿ ಇತ್ತು. ತಾರೀಖು, ಅಳತೆ, ಸಹಿ. ಇಪ್ಪತ್ತೇಳು ವರ್ಷದಿಂದ ಅವಳ ಅಪ್ಪ ಅಜ್ಜಪ್ಪ ಮಾಡುತ್ತ ಬಂದದ್ದು ಅದೇ ಕೆಲಸ. ಕುಪ್ಪೇಲೂರಿನ ಒಕ್ಕಲುತನದ ಮನೆಯ ಹುಡುಗ, ಎಸ್ಸೆಸ್ಸೆಲ್ಸಿಗೆ ನಪಾಸಾಗಿ ರಾಣೆಬೆನ್ನೂರಿನ ಕಾಲೇಜಿಗೆ ಕಸ ಹೊಡೆಯಲು ಸೇರಿ, ನೋಡಿ ನೋಡಿ ಕಲಿತು, ಭೌತಶಾಸ್ತ್ರದ ಪ್ರಯೋಗಶಾಲೆಯ ಅಟೆಂಡರ್ ಆದವನು. ಯಾವ ಉಪಕರಣವನ್ನೇ ಕೊಡಲಿ, ಸೊನ್ನೆ ನೋಡದೆ ಅಳೆಯಲು ಕೂತ ಹುಡುಗರ ಕೈಯಿಂದ ಅದನ್ನು ಕಸಿದುಕೊಳ್ಳುತ್ತಿದ್ದ. “ಹಳೇ ಸುಳ್ಳ ಒಳಗಿಟ್ಟುಕೊಂಡು ಹೊಸಾ ಖರೇ ಅಳೀತೀರೇನಲೇ?” ಹುಡುಗರು ಹಿಂದಿನಿಂದ ಝೀರೋ ಅಜ್ಜಪ್ಪ ಎನ್ನುತ್ತಿದ್ದರು. ಅಳೆಯದೆಯೇ ಅಂಕಿ ಬರೆದು ತಂದವರನ್ನು ಅವನು ದೂರದಿಂದಲೇ ಹಿಡಿಯುತ್ತಿದ್ದ. ಅಂಥ ಅಂಕಿಗಳಿಗೆ ಅವನಿಟ್ಟ ಹೆಸರು ‘ಅಡಿಗಿ’. “ಇದು ಅಳತಿ ಅಲ್ಲಪಾ, ಅಡಿಗಿ. ಮೂರು ಸಲ ಅಳದ್ರ ಮೂರೂ ಒಂದ ಬಂದ್ರ ತಿಳಕೋ, ಒಲಿ ಮ್ಯಾಲ ಬೇಯಿಸ್ಯಾರ.” ಅಟೆಂಡರ್ ಬೇಡವೆಂದ ವಹಿಗೆ ಲೆಕ್ಚರರ್ ಕೂಡ ಸಹಿ ಹಾಕಲು ಹಿಂದೆಮುಂದೆ ನೋಡುತ್ತಿದ್ದರು.

ಹುಣ್ಣು ಮೊದಲು ಹೆಸರುಕಾಳಿನಷ್ಟಿತ್ತು. ಕ್ಷೌರದ ಬ್ಲೇಡು ತಾಗಿದೆ ಎಂದು ಅಜ್ಜಪ್ಪ ಸುಣ್ಣ ಹಚ್ಚಿದ. ಮಾಯಲಿಲ್ಲ. ಹೆಂಡತಿ ಮೈಲವ್ವ ಅರಿಸಿನ ಹಚ್ಚಿದಳು. ಒಣಗಿದಂತೆ ಮಾಡಿ ಮತ್ತೆ ಒಡೆಯಿತು. ಬಾಣಂತನಕ್ಕೆಂದು ತವರಿಗೆ ಬಂದಿದ್ದ ಭುವನಾ ಒಂದೇ ಹಟ ಹಿಡಿದು ಅಪ್ಪನನ್ನು ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಕಳಿಸಿದ್ದಳು. ಹುಣ್ಣಿನ ತುಣುಕು ತೆಗೆದು ಪರೀಕ್ಷೆ ಮಾಡಿದರು. ಚರ್ಮದ ಕ್ಯಾನ್ಸರ್. ಕೊಯ್ದು ತೆಗೆದರೆ ಕೆಳರೆಪ್ಪೆಯನ್ನೂ ತೆಗೆಯಬೇಕಾದೀತು, ಅದರ ಬದಲು ಎಲೆಕ್ಟ್ರಾನ್ ಕಿರಣ ಕೊಡೋಣ, ಅದು ಮೇಲುಮೇಲಿನ ಚರ್ಮದಲ್ಲೇ ಕೆಲಸ ಮಾಡಿ ನಿಲ್ಲುತ್ತದೆ, ಇಪ್ಪತ್ತೈದು ಸಲ ಬರಬೇಕು ಎಂದರು ಡಾಕ್ಟರು. ಇನ್ನೊಂದು ಮಾತನ್ನೂ ಹೇಳಿದ್ದರು: ಹುಣ್ಣು ರೆಪ್ಪೆಗೆ ಹತ್ತುವುದರೊಳಗೆ ಬನ್ನಿ, ಹತ್ತಿದ ಮೇಲೆ ಕಣ್ಣಿನ ಮಾತು ನಾವು ಕೊಡುವುದಿಲ್ಲ.

ಅಜ್ಜಪ್ಪ ಚೀಟಿಯನ್ನು ಕಿಸೆಗಿಟ್ಟುಕೊಂಡು ಮನೆಗೆ ಬಂದ. ಮತ್ತೆ ಆ ಕಡೆ ತಲೆ ಹಾಕಲಿಲ್ಲ.

“ಕರೆಂಟ್ ಇಡತಾರವ್ವಾ ಅಲ್ಲೆ,” ಎಂದ ಮಗಳಿಗೆ. ಆ ಭಾಗದ ಜನ ಎಲ್ಲ ಬಗೆಯ ಕಿರಣದ ಚಿಕಿತ್ಸೆಗೂ ಕರೆಂಟ್ ಎಂದೇ ಅನ್ನುತ್ತಾರೆ. “ನಮ್ಮಣ್ಣಗ ಇಟ್ಟಿದ್ರು. ನಾನ ಕರ್ಕೊಂಡು ಹೋಗಿದ್ದೆ.”

ಅವನ ಅಣ್ಣನಿಗೆ ಇಪ್ಪತ್ತು ವರ್ಷದ ಹಿಂದೆ ಗಂಟಲಲ್ಲಿ ಗಡ್ಡೆಯಾಗಿತ್ತು. ಕಿರಣ ಕೊಟ್ಟ ಮೇಲೆ ಕುತ್ತಿಗೆಯ ಚರ್ಮ ಕರ್ರಗಾಗಿ, ಸುಟ್ಟ ಬದನೆಕಾಯಿಯ ಸಿಪ್ಪೆಯಂತೆ ಸುಲಿದಿತ್ತು. ನೀರು ನುಂಗಲೂ ಆಗದೆ ಸತ್ತ. ಗಡ್ಡೆಯಿಂದ ಸತ್ತನೋ ಕರೆಂಟಿನಿಂದ ಸತ್ತನೋ ಎಂದು ಮನೆಯಲ್ಲಿ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲವಾದ್ದರಿಂದ ಕರೆಂಟಿನಿಂದಲೇ ಎಂದು ಎಲ್ಲರೂ ನಂಬಿದ್ದರು.

ಅದಕ್ಕೆ ಸರಿಯಾಗಿ ಆ ಅಕ್ಟೋಬರಿನಲ್ಲಿ, ಎರಡು ಸಾವಿರದ ನಾಲ್ಕನೇ ಇಸವಿ, ಹಾವೇರಿಯ ಕಾಲೇಜಿನ ವಿಜಯಮಹಾಂತೇಶ ಸರ್ ರಾಣೆಬೆನ್ನೂರಿಗೆ ವಿಜ್ಞಾನ ಸಂಘದ ಭಾಷಣಕ್ಕೆ ಬಂದರು. ಗುತ್ತಲದವರು, ಒಂದು ಕಾಲಕ್ಕೆ ಅಜ್ಜಪ್ಪನ ಲ್ಯಾಬಿನಲ್ಲೇ ಬೈಸಿಕೊಂಡು ಕಲಿತವರು. ಪೇಪರಿನ ಒಂದು ತುಣುಕನ್ನು ಹಿಡಿದು ಅವರು ಹೊಸ ಸಂಗತಿಯೊಂದನ್ನು ಹೇಳಿದರು. ಹೊರದೇಶದ ವಿಜ್ಞಾನಿಗಳು ಬಲವಾದ ಲೇಸರಿನ ಒಂದು ಮಿಂಚನ್ನು ಅನಿಲದೊಳಗೆ ಹಾಯಿಸಿದ್ದಾರೆ. ಹೊಳೆಯಲ್ಲಿ ದೋಣಿ ಹೋದರೆ ಹಿಂದೆ ಅಲೆ ಏಳುತ್ತದಲ್ಲ, ಹಾಗೆ ಆ ಮಿಂಚಿನ ಬೆನ್ನಿಗೂ ಒಂದು ಅಲೆ ಏಳುತ್ತದೆ. ಅಲೆಯ ಮೇಲೆ ಬೆಂಡು ತೇಲಿ ಓಡಿದಂತೆ ಎಲೆಕ್ಟ್ರಾನುಗಳು ಅದರ ಮೇಲೆ ಓಡುತ್ತವೆ. ದೊಡ್ಡ ಯಂತ್ರದಲ್ಲಿ ಮಾರುಗಟ್ಟಲೆ ಓಡಿ ಪಡೆಯುವ ವೇಗ ಇಲ್ಲಿ ಗೋದಿಕಾಳಿನಷ್ಟು ಉದ್ದದಲ್ಲೇ ಬರುತ್ತದೆ. ಮುಂದೊಂದು ದಿನ ಕ್ಯಾನ್ಸರಿಗೆ ಕಿರಣ ಕೊಡುವ ಯಂತ್ರ ಮೇಜಿನ ಮೇಲೆ ಕೂತೀತು.

ಅಜ್ಜಪ್ಪ ಹಿಂದೆ ನಿಂತು, ಕೆನ್ನೆಗೆ ಪಟ್ಟಿ ಹಚ್ಚಿಕೊಂಡು, ಕೇಳಿದ. ಲೇಸರ್ ಅವನಿಗೆ ಮನೆಯ ಬೆಕ್ಕಿನಷ್ಟು ಗೊತ್ತು. ಕಾಲೇಜಿನ ಕೆಂಪು ಲೇಸರ್ ಪೆಟ್ಟಿಗೆಯನ್ನು ಕಪಾಟಿನಿಂದ ತೆಗೆಯುವ ಅಧಿಕಾರ ಅವನೊಬ್ಬನದೇ. ಅದು ಹಲ್ಲಿಲ್ಲದ ಬೆಕ್ಕು, ಪೇಪರಿನದು ಬೇರೆ ಜಾತಿಯದು ಎಂದು ಅವನಿಗೆ ಯಾರೂ ಹೇಳಲಿಲ್ಲ. ಚಹಾದ ಹೊತ್ತಿಗೆ ಆ ತುಣುಕನ್ನು ಕೇಳಿ ಇಸಿದುಕೊಂಡ. ಅವತ್ತಿನಿಂದ ಹುಬ್ಬಳ್ಳಿ ಎಂದರೆ ಸಾಕು, ಅದನ್ನು ತೆಗೆದು ತೋರಿಸುತ್ತಿದ್ದ.

“ಎರಡು ವರ್ಷದಾಗ ಬರ್ತೇತಿ ಅಂದಾರ ಸರ. ಅಲ್ಲೀತನಾ ಇದು ಬೆಳೀಲಿಲ್ಲಂದ್ರ ಮುಗೀತು. ಬೆಳ್ಯಾಕತ್ತಿಲ್ಲ. ವಾರಾ ವಾರಾ ಅಳ್ಯಾಕತ್ತೇನಲ್ಲಾ ನಾ!”

ಭುವನಾ ಹುಬ್ಬಳ್ಳಿಯ ಸೋದರಮಾವನ ಮನೆಯಲ್ಲಿದ್ದು ಬಿ.ಕಾಂ. ಓದಿದವಳು. ಓದು ಅವಳ ಹೆದರಿಕೆಯನ್ನು ಕಡಿಮೆ ಮಾಡಿರಲಿಲ್ಲ. ಹೆದರಲು ಇನ್ನಷ್ಟು ಹೆಸರುಗಳನ್ನು ಕಲಿಸಿತ್ತು, ಅಷ್ಟೆ. ಕೂಸು ಬಿಕ್ಕಳಿಸಿದರೆ ಪುಸ್ತಕ ತೆಗೆಯುತ್ತಿದ್ದಳು. “ಕೂಸು ಆಕಳಿಸಿದ್ರೂ ದವಾಖಾನಿ ಅಂತಾಳ ನಮ್ಮ ಮಗಳು,” ಎಂದು ಮೈಲವ್ವ ನೆರೆಯವರೆದುರು ನಗುತ್ತಿದ್ದಳು. ಹುಣ್ಣು ಅಂಟುರೋಗವಲ್ಲ ಎಂದು ಡಾಕ್ಟರು ಹೇಳಿದ್ದರು. ಭುವನಾಳಿಗೂ ಅದು ಗೊತ್ತು. ಆದರೂ ಅಪ್ಪ ಕೂಸಿನ ಹತ್ತಿರ ಮುಖ ತಂದಾಗ ಅವಳ ಕೈ ತಾನೇ ಕೂಸನ್ನು ಹಿಂದಕ್ಕೆಳೆಯುತ್ತಿತ್ತು. ಅಪ್ಪ ಅದನ್ನು ನೋಡಿದ. ಆಮೇಲೆ ಅವನೇ ತೊಟ್ಟಿಲಿಂದ ನಾಲ್ಕು ಹೆಜ್ಜೆ ದೂರ ಕೂತು ಚಿಟಿಕೆ ಹೊಡೆಯತೊಡಗಿದ. ಅದನ್ನು ನೆನೆದರೆ ಭುವನಾಳಿಗೆ ತನ್ನ ಮೇಲೇ ಹೇಸಿಕೆಯಾಗುತ್ತಿತ್ತು.

ಬ್ಯಾಡಗಿಯಿಂದ ಗಂಡ ರುದ್ರಮುನಿ ಪಕ್ಕದ ಮನೆಯ ಫೋನಿಗೆ ಮಾಡುತ್ತಿದ್ದ. ಅವನಿಗೆ ಮೆಣಸಿನಕಾಯಿಯ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ. ಸುಗ್ಗಿ, ಉಸಿರಾಡಲು ಪುರಸತ್ತಿಲ್ಲ.

“ಅವ್ವ ಒಂದ ಸವನ ಹಟ ಮಾಡಾಕತ್ತಾಳ,” ಎಂದ ಒಂದು ದಿನ. “ಆ ಮನ್ಯಾಗ ಅಂಥಾ ಹುಣ್ಣು ಇಟ್ಕೊಂಡು ಕೂಸು ಇರೂದು ಬ್ಯಾಡ, ಕರ್ಕೊಂಡು ಬಾ ಅಂತಾಳ.”

“ಅದು ಹತ್ತೂ ರೋಗ ಅಲ್ರಿ.”

“ನಂಗೊತ್ತು. ಅವ್ವಗ ಯಾರು ಹೇಳಬೇಕು? ನೀನ ಬಂದು ಹೇಳು.”

ಜನವರಿಯ ಒಂದು ಮಧ್ಯಾಹ್ನ, ಮೈಲವ್ವ ಹಿಟ್ಟಿನ ಗಿರಣಿಗೆ ಹೋಗಿದ್ದಾಗ, ಭುವನಾ ಅಪ್ಪನ ವಹಿಯನ್ನು ತೆರೆದಳು. ಕಪಾಟಿನ ಮೇಲೆ ಕನ್ನಡಕದ ಪಕ್ಕದಲ್ಲೇ ಇತ್ತು, ಬಚ್ಚಿಟ್ಟದ್ದೇನಲ್ಲ. ನವೆಂಬರಿನ ಮೊದಲ ರವಿವಾರ 10.6. ಮುಂದಿನದು 10.9. ಆಮೇಲೆ 11.1, 11.4. ಅಲ್ಲಿಂದ ಕೆಳಗೆ 11.4, 11.4, 11.4. ಆರು ವಾರ ಅದೇ ಅಂಕಿ, ಅದೇ ಇಳುಕಲು ಅಕ್ಷರ.

ಅವಳ ಕಿವಿಯೊಳಗೆ ಅಪ್ಪನದೇ ದನಿ ಕೇಳಿತು. ಒಲಿ ಮ್ಯಾಲ ಬೇಯಿಸ್ಯಾರ.

ಅಪ್ಪ ಪಡಸಾಲೆಯಲ್ಲಿ ಕಂಬಳಿಯ ಮೇಲೆ ಬಲಮಗ್ಗುಲಾಗಿ ಮಲಗಿದ್ದ. ಎಡಗೆನ್ನೆ ಕಿಟಕಿಯ ಬೆಳಕಿಗಿತ್ತು. ಭುವನಾ ಕ್ಯಾಲಿಪರ್ ತೆಗೆದುಕೊಂಡಳು. ಸೊನ್ನೆ ನೋಡಿದಳು. ಸೊನ್ನೆಗೆ ಸೊನ್ನೆ ಕೂಡಿತ್ತು. ಮುಖಕ್ಕೆ ತಾಗಿಸದೆ, ಒಂದು ಕೂದಲಿನಷ್ಟು ಮೇಲೆ ಹಿಡಿದು ಮೂರು ಸಲ ಅಳೆದಳು. ಹದಿನೈದು ಪಾಯಿಂಟ್ ಎರಡು. ಹದಿನೈದು. ಹದಿನೈದು ಪಾಯಿಂಟ್ ಮೂರು. ಮೂರೂ ಬೇರೆ ಬೇರೆ ಬಂದವು. ಅಂದರೆ ಖರೇ. ಹುಣ್ಣಿನ ಮೇಲಿನ ಅಂಚು ಮತ್ತು ರೆಪ್ಪೆಯ ನಡುವೆ ಅರ್ಧ ಬೆರಳೂ ಉಳಿದಿರಲಿಲ್ಲ. ಅಪ್ಪನ ಉಸಿರು ಅವಳ ಮುಂಗೈಗೆ ಬೆಚ್ಚಗೆ ತಾಗುತ್ತಿತ್ತು. ಕಣ್ಣು ತೆರೆದರೆ ಏನು ಹೇಳಲಿ ಎಂದುಕೊಂಡಳು. ಅವನು ತೆರೆಯಲಿಲ್ಲ.

ಕ್ಯಾಲಿಪರನ್ನು ಇದ್ದ ಜಾಗಕ್ಕೇ ಇಟ್ಟಳು. ಹುಡುಗರ ವಹಿಗಳನ್ನು ಮುಖಕ್ಕೆ ಹಿಡಿದವನು ತನ್ನ ಮುಖದ ಅಂಕಿಯನ್ನು ಬೇಯಿಸಿ ಬರೆದಿದ್ದಾನೆ ಎಂದರೆ ಒಳಗೆ ಎಷ್ಟು ಹೆದರಿರಬೇಕು! ಅವನು ಧೈರ್ಯವಾಗಿದ್ದಾನೆ ಎಂದುಕೊಂಡೇ ಅವಳು ಇಷ್ಟು ದಿನ ತನ್ನ ಹೆದರಿಕೆಯನ್ನು ಅವನ ಮೇಲೆ ಹೇರಿದ್ದಳು.

ಮರುದಿನ ಬೆಳಿಗ್ಗೆ ಅವಳು ಹಾವೇರಿಗೆ ಹೊರಟಳು. ಮೈಲವ್ವ ಬಾಗಿಲಿಗೆ ಅಡ್ಡ ನಿಂತಳು.

“ಐದು ತಿಂಗಳು ತುಂಬಿಲ್ಲ, ಬಾಣಂತಿ ಬಸ್ ಹತ್ತತಾಳಂತ! ಗಾಳಿ ಹೊಕ್ಕರ ಯಾರು ನೋಡಬೇಕು?”

“ಬ್ಯಾಡಗಿಯವರು ನೋಡ್ತಾರ ತಗೋ. ದಾರಿ ಬಿಟ್ಟು ಸರಿಯವ್ವಾ.”

“ಹಾವೇರ್ಯಾಗೇನೈತಿ?”

“ಆ ಲೇಸರ್ ಮಷೀನ್ ಐತೆಲ್ಲಾ, ಅದನ್ನ ಕೇಳಾಕ ಹೊಂಟೇನಿ.”

ಮೈಲವ್ವ ಬಾಗಿಲು ಬಿಟ್ಟು ಒಳಗೆ ಬಂದಳು. ಕೂಸಿಗೆ ಕುಲಾಯಿ ಕಟ್ಟಿ, ಕೆನ್ನೆಗೆ ಕಾಡಿಗೆಯ ಬೊಟ್ಟಿಟ್ಟು, ಸೆರಗಿನ ತುದಿಗೆ ಬೇವಿನ ಎಲೆ ಕಟ್ಟಿಕೊಟ್ಟಳು.

ವಿಜಯಮಹಾಂತೇಶ ಸರ್ ಲ್ಯಾಬಿನ ಬಾಗಿಲಲ್ಲಿ ಕೂಸನ್ನೆತ್ತಿಕೊಂಡ ಹೆಣ್ಣುಮಗಳನ್ನು ಕಂಡು ಕುರ್ಚಿ ಎಳೆದು ಕೊಟ್ಟರು.

“ಝೀರೋ ಅಜ್ಜಪ್ಪಾರ ಮಗಳೇನ್ರಿ? ಕುಂದ್ರಿ, ಕುಂದ್ರಿ. ನಿಮ್ಮಪ್ಪಾರು ನನ್ನ ವಹಿ ಎರಡು ಸಲ ಹರದಾರ, ಗೊತ್ತೈತೇನು?”

ಭುವನಾ ನಗಲಿಲ್ಲ. ಪೇಪರಿನ ತುಣುಕನ್ನು ಮೇಜಿನ ಮೇಲಿಟ್ಟಳು. “ಸರ್ರ, ಈ ಮಷೀನು ಖರೇನ ಎರಡು ವರ್ಷದಾಗ ಬರ್ತೇತೇನ್ರಿ?”

“ಯಾರಂದ್ರು?”

“ನೀವ ಅಂದೀರಂತ್ರಿ.”

ಅವರು ನೆನಪು ಮಾಡಿಕೊಂಡರು. ಚಹಾ ಕುಡಿಯುವಾಗ ಅಜ್ಜಪ್ಪ ಕೇಳಿದ್ದ, ನಮ್ಮ ಕಡೆ ಯಾವಾಗ ಬರುತ್ತದೆ ಎಂದು. ಎರಡು ವರ್ಷ ತಡೀರಿ ಅಜ್ಜಪ್ಪಾರ, ನಿಮ್ಮ ಲ್ಯಾಬಿನ ಟೇಬಲ್ ಮೇಲೇ ತಂದಿಡುತ್ತೇವೆ ಎಂದು ಅವರು ನಗೆಯಾಡಿದ್ದರು. ಕೆನ್ನೆಯ ಪಟ್ಟಿಯನ್ನೂ ನೋಡಿದ್ದರು. ಗುಳ್ಳೆ ಇರಬೇಕು ಎಂದುಕೊಂಡಿದ್ದರು. ಭುವನಾ ಉಳಿದದ್ದನ್ನು ಹೇಳುತ್ತ ಹೋದಂತೆ ಅವರ ಮುಖ ಸಣ್ಣದಾಯಿತು.

“ತಂಗಿ, ಇದು ಇನ್ನೂ ಹೊಟ್ಟ್ಯಾಗಿನ ಕೂಸು,” ಎಂದರು. “ಎಲೆಕ್ಟ್ರಾನ್ ಓಡಿದ್ದು ಖರೇ. ದಿನಾ ಒಂದ ತೂಕದಾಗ ಓಡಬೇಕು, ಮನುಷ್ಯಾನ ಮೈಮ್ಯಾಲ ಬಿಡೂವಂಗ ಆಗಬೇಕು. ನಿಮ್ಮ ಕೂಸು ಕಾಲೇಜಿಗೆ ಬರೂದ್ರೊಳಗ ಆತಂದ್ರ ಅದ ದೊಡ್ಡದು. ನನ್ನ ನಗಿಚಾಟಿಕಿ ಎಂಥಾ ಕೆಲಸ ಮಾಡ್ತು ನೋಡ್ರಿ. ನಡೀರಿ, ನಾನೂ ಬರ್ತೇನಿ.”

ಎರಡು ಕ್ಲಾಸು ಬಿಟ್ಟು ಅವರು ಅವಳು ಹತ್ತಿದ ಬಸ್ಸಿಗೇ ರಾಣೆಬೆನ್ನೂರಿಗೆ ಬಂದರು. ಅಜ್ಜಪ್ಪ ಗಡಬಡಿಸಿ ಅಂಗಿ ತೊಟ್ಟುಕೊಂಡ. ಚಾಪೆ ಹಾಸಿದ. ಸರ್ ಕೂತವರೇ ಕೈ ಚಾಚಿದರು.

“ಅಜ್ಜಪ್ಪಾರ, ನಿಮ್ಮ ವಹಿ ತೋರಸ್ರಿ.”

ಅಜ್ಜಪ್ಪ ಮಗಳ ಮುಖ ನೋಡಿದ. ಭುವನಾ ಕೂಸಿನ ಕುಲಾಯಿ ಬಿಚ್ಚುತ್ತ ತಲೆ ತಗ್ಗಿಸಿದಳು. ವಹಿ ಕೈಯಿಂದ ಕೈಗೆ ಹೋಯಿತು. ಸರ್ ಬೆರಳನ್ನು ಮೇಲಿಂದ ಕೆಳಗೆ ಎಳೆದರು.

“ಆರು ವಾರ ಹನ್ನೊಂದು ಪಾಯಿಂಟ್ ನಾಲ್ಕು. ನಾ ಹಿಂಗ ಬರಕೊಂಡು ಬಂದಿದ್ರ ಏನಂತಿದ್ರಿ ನೀವು?”

ಅಜ್ಜಪ್ಪ ವಹಿಯ ಮೇಲಿನ ಆ ಬೆರಳನ್ನೇ ನೋಡಿದ. ಬಾಗಿಲ ಹೊರಗೆ ಕೋಳಿ ಕೆದರುತ್ತಿತ್ತು.

“ಅಡಿಗಿ ಅಂತಿದ್ದೆ ರಿ,” ಎಂದ ಅಜ್ಜಪ್ಪ. “ಅಳದೆ ರಿ ಸರ ಒಂದ್ಸಲ. ಹನ್ನೆರಡು ಪಾಯಿಂಟ್ ಮೂರು ಬಂತು. ಬರ್ಯಾಕ ಹೋದ್ರ ಕೈ ಬರಲಿಲ್ಲ. ಆಮ್ಯಾಲ ಅಳದ ಇಲ್ಲ. ಸುಮ್ನ ದವಡಿ ಹಿಡಿದು ನಿಲ್ಲೂದು, ಇಕಿ ಹೊಸ್ತಿಲದಾಗ ನಿಂತು ನೋಡ್ತಾಳ, ಏನರೆ ಹೇಳಬೇಕಲ್ರಿ.”

ಮೈಲವ್ವ ಒಳಗಿನಿಂದ, “ಎಂಥಾ ಮಾತಿದು!” ಎಂದು ಬಾಯಿಗೆ ಸೆರಗು ಹಿಡಿದಳು.

ಸರ್ ಮುಂದೆ ಸರಿದು ಕೂತರು. “ನೀವು ಕಾಯಾಕತ್ತಿದ್ದು ಏನಕ್ಕ? ಲೇಸರ್ ಓಡಿಸೂ ಎಲೆಕ್ಟ್ರಾನಿಗೆ. ಹುಬ್ಬಳ್ಳ್ಯಾಗ ಇರೂದೂ ಅದ ಎಲೆಕ್ಟ್ರಾನ್ರಿ. ಬ್ಯಾರೆ ಅಲ್ಲ. ಇಲ್ಲಿ ಉದ್ದನ್ನ ಕೊಳವ್ಯಾಗ ಓಡಸ್ತಾರ, ಅಲ್ಲಿ ಚಿಟಿಕ್ಯಾಗ ಓಡಸ್ತಾರ. ಮೈಗೆ ಬಂದು ಮುಟ್ಟೂದು ಒಂದ. ನಿಮ್ಮಣ್ಣಾರಿಗೆ ಕೊಟ್ಟಿದ್ದು ಬ್ಯಾರೆ ಕಿರಣ, ಗಂಟಲ ಆಳಕ್ಕ ಹೋಗೂವಂಥಾದ್ದು. ಅದನ್ನೂ ಇದನ್ನೂ ಕಲಸಬ್ಯಾಡ್ರಿ.”

ಅಜ್ಜಪ್ಪ ಹುಣ್ಣಿನ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡ. “ಆ ಮಷೀನಿನ ಝೀರೋ ಯಾರು ನೋಡ್ತಾರ್ರಿ?”

“ಅದಕ್ಕ ಒಬ್ರು ಇರ್ತಾರ. ಫಿಜಿಕ್ಸ್ ಓದಿದವರು.”

“ಅವರು ನೋಡೂದನ್ನ ನಾ ನೋಡಬೇಕ್ರಿ. ನೋಡಿದ್ಮ್ಯಾಲ ಮಲಗ್ತೇನಿ. ಇಲ್ಲಾಂದ್ರ ಕಣ್ಣು ಹೋದ್ರ ಹೋಗ್ಲಿ, ನನ್ನ ಬಿಟ್ಬಿಡ್ರಿ.”

ಅಪ್ಪ ಹೇಳಿದಂತೆಯೇ ಮಾಡುತ್ತಾನೆಂದು ಭುವನಾಳಿಗೆ ಗೊತ್ತಿತ್ತು. ಅವನು ಬರೀ ಬೆದರಿಕೆಗೆ ಹಾಗೆ ಹೇಳುವವನಲ್ಲ.

ಗುರುವಾರ ಬೆಳಗಿನ ರೈಲಿಗೆ ನಾಲ್ವರೂ ಹೊರಟರು, ಮೈಲವ್ವನೂ ಕೂಸೂ ಸೇರಿ. ಹುಬ್ಬಳ್ಳಿಯ ಸೋದರಮಾವನ ಮನೆಯಲ್ಲಿ ಐದಾರು ವಾರ ಉಳಿಯುವುದೆಂದಾಗಿತ್ತು. ಬ್ಯಾಡಗಿ ಬರುವ ಮೊದಲೇ ಗಾಳಿಯಲ್ಲಿ ಮೆಣಸಿನಕಾಯಿಯ ಘಾಟು ಬಂದು ಡಬ್ಬಿಯವರೆಲ್ಲ ಸೀನತೊಡಗಿದರು. ಮಗನಿಂದ ಸುದ್ದಿ ತಿಳಿದು ಅತ್ತೆ ನೀಲಗಂಗವ್ವ ಪ್ಲಾಟ್‌ಫಾರಮ್ಮಿನಲ್ಲಿ ನಿಂತಿದ್ದಳು. ರೈಲು ನಿಂತ ಕೂಡಲೇ ಕಿಟಕಿಯ ಸರಳುಗಳ ನಡುವೆ ಎರಡೂ ಕೈ ಹಾಕಿದಳು.

“ಕೂಸು ಕೊಡವ್ವಾ. ಬಾಗಲಕ್ಕ ಬಾ, ಕೊಡು. ಆ ದವಾಖಾನಿ ಗಾಳ್ಯಾಗ ಒಯ್ಯಬ್ಯಾಡ. ಆಕಳ ಹಾಲು ಕುಡಿಸಿ ಜ್ವಾಕಿ ಮಾಡ್ತೇನಿ.”

ಭುವನಾ ಎದ್ದು ನಿಂತಳು. ಕೊಟ್ಟರೆ ಕೂಸಿಗೆ ಏನಾದೀತು? ಕೊಡದಿದ್ದರೆ? ಅಪ್ಪ ಎದುರಿನ ಸೀಟಿನಲ್ಲಿ ಟವೆಲಿನಿಂದ ಕೆನ್ನೆ ಮುಚ್ಚಿಕೊಂಡು ಬೇರೆ ಕಡೆ ನೋಡುತ್ತಿದ್ದ. ಕೊಟ್ಟಳೆಂದರೆ ಆ ಹುಣ್ಣಿಗೆ ತಾನೇ ‘ಹತ್ತುವ ರೋಗ’ ಎಂದು ಸಹಿ ಹಾಕಿದಂತೆ.

“ಇಲ್ರಿ ಅತ್ತಿ. ನನ್ನ ಹತ್ರ ಇರ್ಲಿ.”

“ಹಟಮಾರಿ!” ರೈಲು ಅಲುಗಿತು. ನೀಲಗಂಗವ್ವ ಎರಡು ಹೆಜ್ಜೆ ಓಡಿ, ಒಂದು ಬಟ್ಟೆಯ ಗಂಟನ್ನು ಕಿಟಕಿಯೊಳಗೆ ತುರುಕಿದಳು. “ಅಂಟಿನುಂಡಿ ಅದಾವು, ದಿನಾ ಒಂದು ತಿನ್ನು! ಬೀಗರ, ಜ್ವಾಕಿರಿ!” ಕೊನೆಯ ಮಾತು ಅಜ್ಜಪ್ಪನಿಗೆ. ಅವನು ಟವೆಲು ತೆಗೆದು ಕೈಮುಗಿದ.

ದವಾಖಾನೆಯ ನೆಲಮಾಳಿಗೆಯಲ್ಲಿ ಯಂತ್ರದ ಕೋಣೆ. ಗೋಡೆಗಳು ಆಳೆತ್ತರ ದಪ್ಪ, ಬಾಗಿಲು ಬಂಡೆಯಂತೆ. ಯಂತ್ರದ ಅಳತೆ ನೋಡುವವಳು ಸುರೇಖಾ ಎಂಬ ಮೂವತ್ತರ ಹೆಂಗಸು. ವಿಜಯಮಹಾಂತೇಶ ಸರ್ ಫೋನ್ ಮಾಡಿ ಹೇಳಿದ್ದರು. ಮೊದಲ ಕೆಲವು ದಿನ ಅಜ್ಜಪ್ಪನ ಮುಖಕ್ಕೆ ಸೀಸದ ಹಾಳೆಯ ಮುಖವಾಡ ಮಾಡುವುದರಲ್ಲಿ ಹೋಯಿತು. ಹುಣ್ಣಿನಷ್ಟೇ ಕಿಂಡಿ ಬಿಟ್ಟು ಉಳಿದ ಮುಖವೆಲ್ಲ ಮುಚ್ಚುವಂಥದು. ಚಿಕಿತ್ಸೆ ಶುರುವಾಗಬೇಕಿದ್ದ ಸೋಮವಾರ ಬೆಳಿಗ್ಗೆ ಏಳೂವರೆಗೇ ಸುರೇಖಾ ಅಪ್ಪ-ಮಗಳನ್ನು ಒಳಗೆ ಕರೆದಳು.

“ದಿನಾ ಬೆಳಿಗ್ಗೆ ಮೊದ್ಲು ನಾನು ಮಷೀನಿಗೆ ಕೇಳ್ತೇನ್ರಿ ಅಜ್ಜಾರ, ನಿನ್ನೆಯಷ್ಟ ಇವತ್ತೂ ಕೊಡತೀಯೇನಪಾ ಅಂತ. ನೂರು ಬರಬೇಕು. ಮೂರು ಅತ್ತಾಗ ಇತ್ತಾಗ ಆದ್ರ ನಡೀತೈತಿ. ಅದರ ಮ್ಯಾಲ ಹೋದ್ರ ಯಾರನ್ನೂ ಒಳಗ ಬಿಡಂಗಿಲ್ಲ.”

ಮಂಚದ ಮೇಲೆ ಮನುಷ್ಯನ ಬದಲು ಒಂದು ಚಪ್ಪಟೆ ದಿಂಡನ್ನಿಟ್ಟು, ಅದರೊಳಗೆ ಅಳತೆಯ ಕಡ್ಡಿ ತೂರಿಸಿ, ಹೊರಬಂದು ಬಾಗಿಲು ಮುಚ್ಚಿದಳು. ಗುಂಡಿ ಒತ್ತಿದಳು. ಪೆಟ್ಟಿಗೆಯ ಮೇಲೆ ಅಂಕಿ ಬಂತು. ಸುರೇಖಾಳ ಹುಬ್ಬು ಕೂಡಿತು. ಮತ್ತೆ ಒತ್ತಿದಳು. ಮತ್ತೆ.

ನೂರಾ ನಾಲ್ಕು. ನೂರಾ ನಾಲ್ಕು ಪಾಯಿಂಟ್ ಮೂರು. ನೂರಾ ನಾಲ್ಕು ಪಾಯಿಂಟ್ ಒಂದು.

ಹೊರಗೆ ಬೆಂಚಿನ ಮೇಲೆ ಆಗಲೇ ಹನ್ನೆರಡು ಮಂದಿ ಸರದಿಗೆ ಕೂತಿದ್ದರು. ಒಬ್ಬ ಸಿಬ್ಬಂದಿ ಬಾಗಿಲಿಂದ ತಲೆ ಹಾಕಿ, “ಮೇಡಮ್ಮಾರ, ಬಿಡ್ಲೇನ್ರಿ? ದೂರದಿಂದ ಬಂದಾರ,” ಎಂದ.

ಸುರೇಖಾ ಪೆನ್ನು ತೆಗೆದು, ಅಜ್ಜಪ್ಪ ನೋಡುತ್ತಿದ್ದಂತೆಯೇ, ಮೂರೂ ಅಂಕಿಗಳನ್ನು ಬಂದಂತೆ ಬರೆದಳು. “ಯಾರನ್ನೂ ಬಿಡಬ್ಯಾಡ. ಇವತ್ತು ಬಂದ್. ಡಾಕ್ಟರಿಗೆ ನಾ ಹೇಳ್ತೇನಿ.”

ಭುವನಾ ಆ ಅಂಕಿಗಳನ್ನು ಮತ್ತೊಮ್ಮೆ ಓದಿದಳು. ಹೆಚ್ಚು ಕೊಡುತ್ತಿದೆ! ಇದೇ ಯಂತ್ರದ ಕೆಳಗೆ, ರೆಪ್ಪೆಯ ಅಂಚಿನಲ್ಲಿ, ಅಪ್ಪ ಮಲಗಬೇಕು. ಇವತ್ತು ನೋಡಿದರು, ಗೊತ್ತಾಯಿತು. ನಡು ದಿನದಲ್ಲಿ ಕೆಟ್ಟರೆ? ಎಲ್ಲರೂ ಹೇಳಿದ್ದನ್ನು ನಂಬಿ ನಾನೇ ಅವನನ್ನು ಎಳೆದು ತಂದೆನಲ್ಲ! ಅಪ್ಪನ ತೋಳು ಹಿಡಿದಳು. “ಅಪ್ಪಾ, ನಡಿ. ಮನಿಗೆ ಹೋಗೂಣು. ಬ್ಯಾರೆ ಊರಾಗ ನೋಡೂಣು.”

ಅಜ್ಜಪ್ಪ ಅಲುಗಲಿಲ್ಲ. ಅವನು ಸುರೇಖಾಳ ವಹಿಯನ್ನೇ ನೋಡುತ್ತಿದ್ದ. ಹಿಂದಿನ ಪುಟಗಳನ್ನು ತಿರುವಲೇ ಎಂದು ಸನ್ನೆಯಿಂದ ಕೇಳಿದ. ಅವಳು ವಹಿಯನ್ನು ಅವನ ಕಡೆ ತಿರುಗಿಸಿದಳು. 99.2, 100.6, 101.1, 98.9. ಒಂದರಂತೆ ಒಂದಿಲ್ಲ. ಅವನು ನಾಲ್ಕು ಪುಟ ನೋಡಿದ. ಎಷ್ಟೋ ವಾರಗಳ ಮೇಲೆ ಅವನ ಭುಜಗಳು ಇಳಿದದ್ದನ್ನು ಭುವನಾ ಕಂಡಳು.

“ನಾಳೆ ಸರಿಯಾದ್ರ ನಾಳೆ ಮಲಗ್ತೇನ್ರಿ ಮೇಡಮ್ಮಾರ,” ಎಂದ.

“ಅಪ್ಪಾ, ಕೆಟ್ಟ ಮಷೀನದು!”

“ಕೆಟ್ಟೈತಿ ಅಂತ ಬರದಾರಲ್ಲವ್ವಾ. ಬರೀಲಾರದ ಇದ್ರ ಹೆದರಬೇಕಿತ್ತು.”

ಆ ರಾತ್ರಿ ಭುವನಾ ನಿದ್ದೆ ಮಾಡಲಿಲ್ಲ. ಅಪ್ಪ ಗೊರಕೆ ಹೊಡೆದ.

ಮಂಗಳವಾರ, ಯಂತ್ರ ಸರಿಮಾಡಿದ ಮೇಲೆ, ಅಂಕಿ ನೂರು ಪಾಯಿಂಟ್ ನಾಲ್ಕಕ್ಕೆ ಬಂತು. ಅಜ್ಜಪ್ಪನ ಕಣ್ಣಿಗೆ ಮರಗಟ್ಟಿಸುವ ಹನಿ ಬಿಟ್ಟು, ರೆಪ್ಪೆಯ ಒಳಗೆ ಬಟ್ಟಲಿನಂಥ ಪುಟ್ಟ ಸೀಸದ ಮುಚ್ಚಳ ಕೂಡಿಸಿದರು. ಮುಖವಾಡ ಹಾಕಿದ ಮೇಲೆ ಅದು ಅಪ್ಪನ ಮುಖ ಎನ್ನಲು ಹುಣ್ಣೊಂದೇ ಗುರುತು. ಅವನು ಕೈ ಎತ್ತಿ ಮಗಳಿಗೆ ಹೋಗು ಎಂದ. ಬಾಗಿಲು ಮೆಲ್ಲಗೆ, ಸದ್ದಿಲ್ಲದೆ ಕೂಡಿಕೊಂಡಿತು. ಮೇಲೆ ಕೆಂಪು ದೀಪ ಹತ್ತಿತು.

ಹೊರಗಿನ ಟೀವಿಯಲ್ಲಿ ಅಪ್ಪ ಬೆರಳುದ್ದ ಕಾಣುತ್ತಿದ್ದ. ಸೀನಿದರೆ? ಕೆಮ್ಮಿದರೆ? ಒಂದು ನೂಲು ಸರಿದರೆ? ಭುವನಾ ಟೀವಿಯ ಹತ್ತಿರಕ್ಕೆ ಸರಿದಳು. ಅಷ್ಟರಲ್ಲಿ ಎದೆಯಲ್ಲಿ ಹಾಲು ಇಳಿದು ರವಿಕೆ ತೊಯ್ದಿತು. ಕೂಸು ಮೈಲಿ ದೂರದಲ್ಲಿ, ಸೋದರಮಾವನ ಮನೆಯಲ್ಲಿ ಅವ್ವನ ಹತ್ತಿರವಿತ್ತು. ಹಾಲಿಗೆ ಅಳುವವರು ಇಲ್ಲಿ ಯಾರೂ ಇರಲಿಲ್ಲ. ಸೆರಗು ಎದೆಗೆ ಒತ್ತಿಕೊಂಡು ನಿಂತಳು. ಎರಡು ನಿಮಿಷವೂ ಆಗಿರಲಿಲ್ಲ, ದೀಪ ಆರಿತು.

ಅಪ್ಪ ಗೋಡೆ ಹಿಡಿದು ಹೊರಗೆ ಬಂದ. “ಇಷ್ಟನಾ?” ಎಂದ.

ಇಷ್ಟೇ ಆಗಿರಲಿಲ್ಲ. ಮೂರನೇ ವಾರ ಕೆನ್ನೆ ಕೆಂಪಾಯಿತು, ನಾಲ್ಕರಲ್ಲಿ ಕಪ್ಪಾಯಿತು, ಆಮೇಲೆ ಸುಲಿಯಿತು. ಭಾವನ ಕುತ್ತಿಗೆ ಸುಲಿದದ್ದನ್ನು ನೋಡಿದ್ದ ಮೈಲವ್ವ ಗಂಡನ ಮುಖ ನೋಡಲಾರದೆ ತಾಟಿಗೆ ರೊಟ್ಟಿ ಹಾಕಿ ಗೋಡೆಯ ಕಡೆ ತಿರುಗಿ ಕೂರುತ್ತಿದ್ದಳು. ಭುವನಾ ದಿನಕ್ಕೆರಡು ಸಲ ಸುರೇಖಾಳನ್ನು ಕೇಳುತ್ತಿದ್ದಳು, ಇದು ಹೀಗೇ ಆಗಬೇಕಾದ್ದೇ ಎಂದು. ಆಗಬೇಕಾದ್ದೇ ಎಂದು ಅವಳು ದಿನಕ್ಕೆರಡು ಸಲ ಹೇಳುತ್ತಿದ್ದಳು. ಅಜ್ಜಪ್ಪ ಒಂದು ದಿನವೂ ತಪ್ಪಿಸಲಿಲ್ಲ. ಇಪ್ಪತ್ತೈದನೆಯದು ಮುಗಿದಾಗ ಹುಣ್ಣು ಇದ್ದ ಜಾಗ ಹಸಿ ಮಾಂಸದಂತಿತ್ತು. ಒಳಗೆ ಏನಿದೆಯೋ, ಏನಿಲ್ಲವೋ, ಮೂರು ತಿಂಗಳು ಕಾಯಿರಿ ಎಂದರು ಡಾಕ್ಟರು.

ಕಾದರು. ಮೇ ತಿಂಗಳಲ್ಲಿ ಡಾಕ್ಟರು ಬೆರಳಿನಿಂದ ಒತ್ತಿ, ದೀಪ ಹಿಡಿದು, ಕುತ್ತಿಗೆಯನ್ನು ತಡವಿ ನೋಡಿದರು. ಹುಣ್ಣಿಲ್ಲ. ಗುಲಾಬಿ ಬಣ್ಣದ ಮೆತ್ತನೆಯ ಕಲೆ ಅಷ್ಟೆ. ಕಣ್ಣು ಕಾಣುತ್ತದೆ. ಮತ್ತೆ ಮೂರು ತಿಂಗಳಿಗೆ ಬನ್ನಿ, ಎರಡು ವರ್ಷ ಹೀಗೇ ಬರುತ್ತಿರಬೇಕು.

ಕೆಳರೆಪ್ಪೆಯ ಕೂದಲು ಮಾತ್ರ ಮತ್ತೆ ಹುಟ್ಟಲಿಲ್ಲ. ಆ ಕಣ್ಣಿನಲ್ಲಿ ಗಾಳಿ ಬೀಸಿದರೆ ಸಾಕು, ನೀರು. ಕಾಲೇಜಿನಲ್ಲಿ ಹೊಸ ಹುಡುಗರು ಯಾಕ್ರೀ ಅಳಾಕತ್ತೀರಿ ಎಂದು ಕೇಳುತ್ತಾರೆ. “ನಿಮ್ಮ ವಹಿ ನೋಡಿ,” ಎನ್ನುತ್ತಾನೆ ಅಜ್ಜಪ್ಪ.

ಭುವನಾಳಿಗೆ ಆ ನಗೆ ಬರುವುದಿಲ್ಲ. ತವರಿಗೆ ಬಂದಾಗಲೆಲ್ಲ, ಅಪ್ಪನ ಎಡಗೆನ್ನೆಯ ಮೇಲೆ ನೀರಿಳಿದದ್ದು ಕಂಡ ಕೂಡಲೇ ಅವಳಿಗೆ ಆ ರವಿವಾರಗಳು ನೆನಪಾಗುತ್ತವೆ. ಮಾತಿನ ನಡುವೆಯೇ ಎದ್ದು ಹೋಗಿ ಸೆರಗಿನ ತುದಿಯಿಂದ ಒರೆಸುತ್ತಾಳೆ. ಒರೆಸಿದ ಮೇಲೆ, ಅಲ್ಲಿ ಬರೀ ಚರ್ಮ ಇದೆಯೋ ಇಲ್ಲವೋ ಎಂದು ಬೆಳಕಿಗೆ ತಿರುಗಿಸಿ ನೋಡುತ್ತಾಳೆ. ಅಜ್ಜಪ್ಪ ಕೂಸಿನಂತೆ ಮುಖ ಎತ್ತಿ ಕೊಡುತ್ತಾನೆ, ಅವಳು ನೋಡಿ ಮುಗಿಸುವವರೆಗೂ ಕಣ್ಣು ಮುಚ್ಚಿ ಸುಮ್ಮನೆ ಕೂತಿರುತ್ತಾನೆ.